ಪಕ್ಕದ ಸೀಟಿನಲ್ಲಿ ಕೂತು ನೋಡಿ

“ಅಪ್ಪನಿಗೆ 78 ತುಂಬಿತು. ಇನ್ನೂ ತಾವೇ ಕಾರು ಓಡಿಸುತ್ತಾರೆ. ಬಿಡಿಸಬೇಕಾ?” ಮಕ್ಕಳು ಈ ಪ್ರಶ್ನೆ ಕೇಳುವುದೇ ಹೀಗೆ. ಮೊದಲು ವಯಸ್ಸು, ಆಮೇಲೆ ಗಾಡಿ, ಕೊನೆಗೆ ಹೌದೋ ಇಲ್ಲವೋ ಎಂಬ ಒಂದೇ ಮಾತಿನ ಉತ್ತರಕ್ಕೆ ಕಾಯುವುದು. ಅದೇ ಮಕ್ಕಳನ್ನು “ಅಪ್ಪ ಓಡಿಸುವಾಗ ಪಕ್ಕದಲ್ಲಿ ಕೂತು ಅರ್ಧ ಗಂಟೆ ಹೋಗಿದ್ದು ಯಾವಾಗ?” ಎಂದು ತಿರುಗಿ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಮಕ್ಕಳು ಮನೆಗೆ ಬಂದಾಗ ಸ್ಟೇರಿಂಗ್ ಹಿಡಿಯುವವರು ಮಕ್ಕಳೇ. ಅಪ್ಪ ಅಮ್ಮ ಹಿಂದೆ ಕೂತಿರುತ್ತಾರೆ. ಹಾಗಾಗಿ ಅವರ ಚಾಲನೆಯ ಬಗ್ಗೆ ಮಕ್ಕಳ ಕೈಯಲ್ಲಿರುವ ಸಾಕ್ಷಿ ಎರಡೇ. ಒಂದು ಹುಟ್ಟಿದ ವರ್ಷ, ಇನ್ನೊಂದು ಬಂಪರಿನ ಮೇಲಿನ ಗೀರು. ಇಷ್ಟನ್ನೇ ನಂಬಿಕೊಂಡು ಒಬ್ಬ ಮನುಷ್ಯನ ಓಡಾಟವನ್ನು ನಿಲ್ಲಿಸುವುದೂ ತಪ್ಪು, “ಐವತ್ತು ವರ್ಷದ ಅನುಭವ, ಏನೂ ಆಗಲ್ಲ” ಎಂದು ಕಣ್ಣು ಮುಚ್ಚಿಕೊಳ್ಳುವುದೂ ತಪ್ಪು. 68ರಲ್ಲೇ ಬಿಡಬೇಕಾದವರಿದ್ದಾರೆ, 85ರಲ್ಲೂ ಹಗಲಿನ ಪರಿಚಿತ ರಸ್ತೆಯಲ್ಲಿ ಚೆನ್ನಾಗಿ ಓಡಿಸುವವರಿದ್ದಾರೆ. ಈ ಇಬ್ಬರ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಯಾವ ತಪ್ಪು ಯಾವ ಅಂಗದಿಂದ ಬರುತ್ತದೆ ಎಂಬುದನ್ನು ತಿಳಿದಿರಬೇಕು.

2019ರಲ್ಲಿ ನಡೆದ ಎರಡು ಅಪಘಾತಗಳು ಇದನ್ನು ಯೋಚಿಸುವಾಗಲೆಲ್ಲ ನೆನಪಿಗೆ ಬರುತ್ತವೆ. ಆ ವರ್ಷ ಜನವರಿ 17ರ ಮಧ್ಯಾಹ್ನ ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್ ಬಳಿ, ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ ಮುಖ್ಯರಸ್ತೆಗೆ ಕಾರು ಇಳಿಸಿದರು. ಅವರಿಗೆ ಆಗ 97. ಮುಖ್ಯರಸ್ತೆಯಲ್ಲಿ ಬರುತ್ತಿದ್ದ ಕಾರು ಅವರಿಗೆ ಕಾಣಲೇ ಇಲ್ಲ. ಡಿಕ್ಕಿಯಾದ ರಭಸಕ್ಕೆ ಅವರ ಗಾಡಿ ಮಗುಚಿಕೊಂಡಿತು. ಇನ್ನೊಂದು ಕಾರಿನಲ್ಲಿ ಇಬ್ಬರು ಹೆಂಗಸರೂ ಒಂಬತ್ತು ತಿಂಗಳ ಮಗುವೂ ಇದ್ದರು. ಒಬ್ಬರ ಮಣಿಕಟ್ಟು ಮುರಿಯಿತು, ಮಗುವಿಗೆ ಏನೂ ಆಗಲಿಲ್ಲ. ಸೂರ್ಯ ಕೆಳಗಿಳಿದಿದ್ದ, ಬರುತ್ತಿದ್ದ ಕಾರು ಕಾಣಲಿಲ್ಲ ಎಂದು ಅವರು ಗಾಯಗೊಂಡ ಮಹಿಳೆಗೆ ಬರೆದ ಪತ್ರದಲ್ಲಿ ಹೇಳಿಕೊಂಡರು. ಅಪಘಾತದ ನಂತರ ಪೊಲೀಸರು ನಡೆಸಿದ ಕಣ್ಣಿನ ಪರೀಕ್ಷೆಯಲ್ಲಿ ಅವರು ಪಾಸಾಗಿದ್ದರು. ಫೆಬ್ರವರಿ 9ರಂದು ಲೈಸೆನ್ಸ್ ಒಪ್ಪಿಸಿಬಿಟ್ಟರು.

ಆ ಅಪಘಾತವಾಗಿ ಮೂರು ತಿಂಗಳಿಗೆ, ಏಪ್ರಿಲ್ 19ರಂದು, ಟೋಕಿಯೋದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ವೇಗ ಹೆಚ್ಚಿಸಿಕೊಳ್ಳುತ್ತಾ ಕೆಂಪು ಸಿಗ್ನಲ್ ದಾಟಿ ನುಗ್ಗಿತು. ಸೈಕಲ್‌ನಲ್ಲಿ ರಸ್ತೆ ದಾಟುತ್ತಿದ್ದ 31 ವರ್ಷದ ತಾಯಿ, ಮೂರು ವರ್ಷದ ಮಗಳು ಇಬ್ಬರೂ ತೀರಿಕೊಂಡರು. ಗಾಡಿಯಲ್ಲೇ ದೋಷವಿತ್ತು ಎಂದು ಚಾಲಕರು ವಾದಿಸಿದರು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದಿದ್ದಾರೆ ಎಂದು 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ತೀರ್ಮಾನಿಸಿ ಐದು ವರ್ಷದ ಶಿಕ್ಷೆ ಕೊಟ್ಟಿತು. 2019ರಲ್ಲಿ ಜಪಾನಿನಲ್ಲಿ ಸುಮಾರು 6 ಲಕ್ಷ ಜನ ಸ್ವಂತ ಇಚ್ಛೆಯಿಂದ ಲೈಸೆನ್ಸ್ ಹಿಂದಿರುಗಿಸಿದರು. ಅಲ್ಲಿಯವರೆಗಿನ ಯಾವ ವರ್ಷದಲ್ಲೂ ಅಷ್ಟು ಮಂದಿ ಹಿಂದಿರುಗಿಸಿರಲಿಲ್ಲ.

ಇವೆರಡರಲ್ಲಿ ಒಂದು ಕಣ್ಣಿನದು, ಇನ್ನೊಂದು ಕಾಲಿನದು. ಎರಡೂ ಹಗಲು ಹೊತ್ತಿನಲ್ಲಿ ನಡೆದವು. ಕುಡಿತವಿಲ್ಲ, ಪೈಪೋಟಿಯಿಲ್ಲ, ಹುಚ್ಚು ಓವರ್‌ಟೇಕ್ ಇಲ್ಲ. ಯುವಕರ ಗಾಡಿ ಹದ ತಪ್ಪುವುದು ವೇಗದಿಂದ. ಮುಪ್ಪಿನವರ ಗಾಡಿ ಡಿಕ್ಕಿಯಾಗುವುದು ಕೂಡುರಸ್ತೆಯಲ್ಲಿ, ತಿರುವಿನಲ್ಲಿ, ನಿಲ್ಲಿಸುವ ಜಾಗದಲ್ಲಿ. ಆದ್ದರಿಂದ “ಅಪ್ಪ ನಿಧಾನಕ್ಕೇ ಓಡಿಸುತ್ತಾರೆ, ಭಯವಿಲ್ಲ” ಎಂಬ ಸಮಾಧಾನ ನಿಲ್ಲುವುದಿಲ್ಲ. ಅವರು ನಿಧಾನವಾಗಿದ್ದರೂ ಎದುರಿಗೆ ಬರುವವನು ನಿಧಾನವಾಗಿರುವುದಿಲ್ಲ.

ಅಕ್ಷರದ ಚಾರ್ಟ್ ಅಳೆಯದಿರುವುದು

ಕಣ್ಣಿನ ಡಾಕ್ಟರ ಹತ್ತಿರ ಓದಿಸುವ ಚಾರ್ಟ್ ಬಿಳಿ ಹಲಗೆಯ ಮೇಲಿನ ಕಪ್ಪು ಅಕ್ಷರ. ಬೆಳಕು ಸಾಕಷ್ಟಿರುತ್ತದೆ, ಅಕ್ಷರ ಅಲುಗಾಡುವುದಿಲ್ಲ, ಓದುವವರಿಗೆ ಅವಸರವಿಲ್ಲ. ರಸ್ತೆಯಲ್ಲಿ ಇದರ ಪೂರ್ತಿ ತಿರುವುಮುರುವು. ಮುಸ್ಸಂಜೆಯಲ್ಲಿ ಬೂದು ಬಣ್ಣದ ಅಂಗಿ ತೊಟ್ಟವನೊಬ್ಬ ಬೂದು ರಸ್ತೆಯನ್ನು ದಾಟುತ್ತಾನೆ, ಎದುರಿಂದ ಹೆಡ್‌ಲೈಟ್ ಹೊಡೆಯುತ್ತಿರುತ್ತದೆ. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ, ಮಸೂರ ಹಳದಿಗಟ್ಟಿ ಮಬ್ಬಾಗುತ್ತದೆ. 20ರ ಕಣ್ಣಿನ ಒಳಪರದೆಗೆ ತಲಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ 60ರ ಕಣ್ಣಿಗೆ ತಲಪುತ್ತದೆ. ಅದರ ಮೇಲೆ, ಒಮ್ಮೆ ಬೆಳಕು ಕಣ್ಣಿಗೆ ಚುಚ್ಚಿದರೆ ದೃಷ್ಟಿ ಮರಳಿ ತಿಳಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ. ಚಾರ್ಟ್‌ನ ಕೊನೆಯ ಸಾಲನ್ನು ಸಲೀಸಾಗಿ ಓದಿದವರೂ ಇಲ್ಲಿ ಎಡವಬಹುದು.

ಆದರೆ ಕೀ ಕೇಳುವುದಕ್ಕೆ ಮೊದಲು ಪೊರೆ ಇದೆಯೇ ನೋಡಿಸಿ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯಿಂದ ಸರಿಹೋಗುವ ತೊಂದರೆಯನ್ನು ‘ಮುಪ್ಪು’ ಎಂದು ಕರೆದು ಕೈ ತೊಳೆದುಕೊಳ್ಳುತ್ತಾರೆ. ದೀಪದ ಸುತ್ತ ಬಳೆ ಕಾಣುವುದು, ರಾತ್ರಿ ಎದುರಿನ ಗಾಡಿ ಬಂದಾಗ ರಸ್ತೆಯೇ ಮಾಯವಾಗುವುದು, ಬಣ್ಣಗಳು ಮಾಸಿದಂತೆ ಕಾಣುವುದು, ಇವೆಲ್ಲ ಪೊರೆಯ ಲಕ್ಷಣಗಳು. ಪೊರೆ ತೆಗೆಸಿಕೊಂಡವರ ಅಪಘಾತದ ಪ್ರಮಾಣ ತೆಗೆಸಿಕೊಳ್ಳದವರದರ ಸುಮಾರು ಅರ್ಧದಷ್ಟೇ ಇತ್ತೆಂದು 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತೋರಿಸಿತು. ಗ್ಲಾಕೋಮಾದ ಕಥೆ ಬೇರೆ. ಅದು ಅಂಚಿನ ದೃಷ್ಟಿಯನ್ನು ಸದ್ದಿಲ್ಲದೆ ತಿನ್ನುತ್ತದೆ. ಕಾಣದ ಜಾಗದಲ್ಲಿ ಕಪ್ಪು ಕಲೆಯೇನೂ ಕಾಣಿಸುವುದಿಲ್ಲ, ಮಿದುಳು ಅಲ್ಲಿ ಏನೋ ಒಂದನ್ನು ತುಂಬಿಕೊಳ್ಳುತ್ತದೆ. ಹಾಗಾಗಿ “ನನಗೆಲ್ಲ ಚೆನ್ನಾಗಿ ಕಾಣುತ್ತದೆ” ಎಂದು ಅವರು ಹೇಳುವುದು ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಕಳೆದುಹೋದದ್ದನ್ನು ಪತ್ತೆಹಚ್ಚುವ ಮಾರ್ಗ ವಿಷುಯಲ್ ಫೀಲ್ಡ್ ಪರೀಕ್ಷೆ. ಕನ್ನಡಕದ ನಂಬರ್ ನೋಡಿ ಕಳಿಸಿದರೆ ಸಾಲದು, ಇದನ್ನು ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಬೇಕು.

ಎದುರಿನ ಗಾಡಿಗಳನ್ನು ಅಡ್ಡ ಹಾಯುವ ತಿರುವು

ಮುಪ್ಪಿನ ಚಾಲಕರಿಗೆ ಅತಿ ಕಷ್ಟದ ಕೆಲಸ ಯಾವುದು ಎಂದರೆ, ಸಿಗ್ನಲ್ ಇಲ್ಲದ ಕಡೆ ಎದುರಿನಿಂದ ಬರುವ ಸಾಲನ್ನು ಅಡ್ಡ ಹಾಯ್ದು ತಿರುಗುವುದು. ಎದುರಿನ ಗಾಡಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ವಯಸ್ಸಾದರೂ ಉಳಿದಿರುತ್ತದೆ. ಎಷ್ಟು ವೇಗದಲ್ಲಿದೆ ಎಂಬ ಅಂದಾಜು ಕೈಕೊಡುತ್ತದೆ. 100 ಮೀಟರ್ ದೂರದ ಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ತಲಪಲು 7 ಸೆಕೆಂಡಿಗೂ ಮಿಗಿಲು ಬೇಕು. ಅದೇ 80ರಲ್ಲಿ ಬರುತ್ತಿದ್ದರೆ ನಾಲ್ಕೂವರೆ ಸೆಕೆಂಡು ಸಾಕು. ಸಾವಕಾಶವಾಗಿ ತಿರುಗುವವರಿಗೆ ತಿರುವು ಮುಗಿಯಲು ಐದಾರು ಸೆಕೆಂಡು ಬೇಕು. ದೂರವನ್ನಷ್ಟೇ ನೋಡಿ “ಹೋಗಬಹುದು” ಅಂದುಕೊಂಡರೆ ಮೊದಲನೆಯ ಗಾಡಿಗೆ ಲೆಕ್ಕ ಸರಿ, ಎರಡನೆಯದಕ್ಕೆ ತಪ್ಪು. ಅದರ ಜೊತೆಗೆ ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಹಿಂದೆ ನಿಂತವನು ಹಾರ್ನ್ ಹೊಡೆಯುತ್ತಿರುತ್ತಾನೆ, ಒಂದು ಕಡೆಯಿಂದ ಸ್ಕೂಟರ್ ನುಸುಳುತ್ತದೆ. ಒಂದೇ ಸಲ ನಾಲ್ಕು ಕಡೆ ಗಮನ ಹಂಚಬೇಕಾದ ಈ ಜಾಗದಲ್ಲಿಯೇ ಗಮನ ಹಂಚುವ ಶಕ್ತಿ ಕುಂದಿರುವುದು ಬಯಲಾಗುತ್ತದೆ.

ಪ್ರತಿಕ್ರಿಯೆಯ ಹೊತ್ತಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು. 50ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಅಪಾಯ ಕಂಡು ಬ್ರೇಕ್‌ಗೆ ಕಾಲು ಹೋಗುವುದು ಒಂದು ಸೆಕೆಂಡು ತಡವಾದರೆ, ಬ್ರೇಕ್ ಹಿಡಿಯುವುದಕ್ಕೂ ಮೊದಲೇ ಮೂರು ಕಾರುಗಳಷ್ಟು ಉದ್ದ ಹೆಚ್ಚಿಗೆ ಕಳೆದಿರುತ್ತದೆ. ಅನುಭವಸ್ಥರು ಈ ಕೊರತೆಯನ್ನು ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ತುಂಬಿಸಿಕೊಳ್ಳುತ್ತಾರೆ. ಅಪ್ಪ ಮೊದಲಿಗಿಂತ ಹೆಚ್ಚು ಅಂತರ ಬಿಟ್ಟು ಹೋಗುತ್ತಿದ್ದರೆ ಅದು ಒಳ್ಳೆಯ ಸೂಚನೆ. ತಮ್ಮ ಮಿತಿ ಅವರಿಗೆ ಗೊತ್ತಿದೆ ಎಂದರ್ಥ. ಚಿಂತೆ ಮಾಡಬೇಕಾದದ್ದು, ಪ್ರತಿಕ್ರಿಯೆ ನಿಧಾನವಾಗಿಯೂ ಅಂತರ ಮೊದಲಿನಷ್ಟೇ ಉಳಿದಾಗ.

ಕಾಲು ಮತ್ತು ಮಾತ್ರೆ

ತಪ್ಪು ಪೆಡಲ್ ತುಳಿದವರು ತಾವು ಬ್ರೇಕನ್ನೇ ತುಳಿಯುತ್ತಿದ್ದೇವೆ ಎಂದು ನಂಬಿರುತ್ತಾರೆ. ಗಾಡಿ ನಿಲ್ಲದೆ ಮುನ್ನುಗ್ಗಿದಾಗ ಇನ್ನೂ ಬಲವಾಗಿ ಒತ್ತುತ್ತಾರೆ. ಹಾಗಾಗಿ ಇದು ಒಂದೆರಡು ಸೆಕೆಂಡಿನಲ್ಲಿ ದೊಡ್ಡ ಅನಾಹುತವಾಗಿ ಮುಗಿಯುತ್ತದೆ. ಹೆಚ್ಚಾಗಿ ನಡೆಯುವುದು ಗಾಡಿ ನಿಲ್ಲಿಸುವಾಗ, ಇಲ್ಲವೇ ಹಿಂದಕ್ಕೆ ತೆಗೆಯುವಾಗ. ಹಿಂದೆ ನೋಡಲು ಸೊಂಟ ತಿರುಗಿಸಿದಾಗ ಮೈಯ ಜೊತೆ ಕಾಲೂ ಓರೆಯಾಗುತ್ತದೆ, ಬ್ರೇಕ್ ಮೇಲಿರಬೇಕಾದ ಪಾದ ಜರುಗಿರುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದದ ಸ್ಪರ್ಶ ಮಂಕಾಗಿದ್ದರೆ ಕಾಲಿನ ಕೆಳಗಿರುವುದು ಯಾವ ಪೆಡಲ್ ಎಂಬುದು ಪಾದಕ್ಕೆ ತಿಳಿಯುವುದೇ ಇಲ್ಲ. ಹಿಮ್ಮಡಿ ಹಿಡಿಯದ ಚಪ್ಪಲಿ ಹಾಕಿಕೊಂಡು ಓಡಿಸುವುದನ್ನು ಇವತ್ತೇ ನಿಲ್ಲಿಸಬಹುದು. ತೆಳು ಅಡಿಯ, ಹಿಂಭಾಗ ಗಟ್ಟಿ ಹಿಡಿಯುವ ಷೂ ಒಳ್ಳೆಯದು. ಇನ್ನೊಂದು ಮಾತು: “ವಯಸ್ಸಾಯಿತಲ್ಲ, ಕ್ಲಚ್ ಒತ್ತುವ ಕಷ್ಟ ಬೇಡ” ಎಂದು ಮಕ್ಕಳು ಪ್ರೀತಿಯಿಂದ ಆಟೋಮ್ಯಾಟಿಕ್ ಕಾರು ತಂದುಕೊಡುತ್ತಾರೆ. ಮಂಡಿನೋವಿಗೆ ಅದು ಹಿತವೇ. ಆದರೆ ಗೇರ್ ಗಾಡಿಯಲ್ಲಿ ತಪ್ಪು ಪೆಡಲ್ ತುಳಿದರೂ ಎಡಗಾಲು ಅಭ್ಯಾಸಬಲದಿಂದ ಕ್ಲಚ್ ಒತ್ತುತ್ತದೆ, ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದು ತಪ್ಪುತ್ತದೆ. ಆಟೋಮ್ಯಾಟಿಕ್‌ನಲ್ಲಿ ಆ ತಡೆ ಇಲ್ಲ. 60ರ ಆಸುಪಾಸಿನಲ್ಲಿ ಬದಲಾಯಿಸಿ ಅಭ್ಯಾಸ ಮಾಡಿಕೊಂಡರೆ ಸರಿ. 80ರಲ್ಲಿ ಹೊಸ ಅಭ್ಯಾಸ ಹಚ್ಚುವುದು ನನ್ನ ಮಟ್ಟಿಗೆ ಒಳ್ಳೆಯ ಯೋಚನೆಯಲ್ಲ.

ಕಾಲಿನ ಶಕ್ತಿಗೆ ಡಾಕ್ಟರುಗಳು ಬಳಸುವ ಸರಳ ಪರೀಕ್ಷೆ ಇದೆ. ನೆಲದ ಮೇಲೆ 3 ಮೀಟರ್ ಅಳೆದು ಗುರುತು ಹಾಕಿ, ಆದಷ್ಟು ಬೇಗ ಅಲ್ಲಿವರೆಗೆ ನಡೆದು, ತಿರುಗಿ, ವಾಪಸು ಬರಲು ಹೇಳುತ್ತಾರೆ. 9 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹೆಚ್ಚಿನ ತಪಾಸಣೆ ಬೇಕೆಂದು ಅರ್ಥ. ಅಷ್ಟಕ್ಕೇ ಗಾಡಿ ಬಿಡಿಸಬೇಕೆಂದಲ್ಲ. ಕೂರುವ ಭಂಗಿಯನ್ನೂ ಅಳೆಯಿರಿ: ಎದೆಯ ಮೂಳೆಗೂ ಸ್ಟೇರಿಂಗಿನ ಮಧ್ಯಕ್ಕೂ 25 ಸೆಂಟಿಮೀಟರ್ ಅಂತರ ಇರಬೇಕು, ಕಣ್ಣಿನ ಮಟ್ಟ ಸ್ಟೇರಿಂಗಿನ ಮೇಲಂಚಿಗಿಂತ ಕನಿಷ್ಠ 7 ಸೆಂಟಿಮೀಟರ್ ಮೇಲಿರಬೇಕು. ವಯಸ್ಸಿನಲ್ಲಿ ಬೆನ್ನು ಬಾಗಿ ಎತ್ತರ ಇಳಿದಿರುತ್ತದೆ, ಸೀಟು ಮಾತ್ರ ಹತ್ತು ವರ್ಷದ ಹಿಂದೆ ಇಟ್ಟಲ್ಲೇ ಇರುತ್ತದೆ. ಸೀಟನ್ನು ಒಂದಿಷ್ಟು ಎತ್ತರಿಸಿ ಕನ್ನಡಿಗಳನ್ನು ಹೊಸದಾಗಿ ಹೊಂದಿಸಿದರೆ ಎಷ್ಟೋ ‘ತಪ್ಪು’ಗಳು ತಾವಾಗಿಯೇ ಹೋಗುತ್ತವೆ.

ಮಾತ್ರೆಯ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಸುರಿದು “ಇವರು ಗಾಡಿ ಓಡಿಸುತ್ತಾರೆ” ಎಂದು ಹೇಳಬೇಕು. ಹೇಳದಿದ್ದರೆ ಅವರೂ ಕೇಳದೆ ಇರಬಹುದು. ನಿದ್ರೆ ಮಾತ್ರೆಗಳು, ಅಲ್ಪ್ರಜೋಲಾಮ್ ಗುಂಪಿನ ಆತಂಕದ ಮಾತ್ರೆಗಳು, ಶೀತಕ್ಕೆ ತಾವಾಗಿಯೇ ತೆಗೆದುಕೊಳ್ಳುವ ಕ್ಲೋರ್‌ಫೆನಿರಮೈನ್‌ನಂಥ ಹಳೆಯ ಅಲರ್ಜಿ ಔಷಧಿಗಳು, ನರನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್, ಟ್ರಮಡಾಲ್‌ನಂಥ ನೋವಿನ ಔಷಧಿ, ಇವು ಮಂಪರು ತರುತ್ತವೆ. ರಾತ್ರಿ ತೆಗೆದುಕೊಂಡ ಜೋಲ್ಪಿಡೆಮ್‌ನ ಪ್ರಭಾವ ಮರುದಿನ ಬೆಳಗಿನ ಚಾಲನೆಯ ಮೇಲೂ ಉಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲೇ ಎಚ್ಚರಿಸಿ ಹೆಂಗಸರ ಡೋಸ್ ಅನ್ನು ಅರ್ಧಕ್ಕೆ ಇಳಿಸಲು ಹೇಳಿತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಹೊರಡುವ ಮೊದಲು ರಕ್ತದ ಸಕ್ಕರೆ ನೋಡಿಕೊಳ್ಳಬೇಕು. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಬೇಕು, 70ರ ಹತ್ತಿರ ಇಳಿದಿದ್ದರೆ ಕೀ ಮುಟ್ಟಬಾರದು. ತಿಂದು ಸಕ್ಕರೆ ಸರಿಯಾದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು, ಯಾಕೆಂದರೆ ಮಿದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಮಾತ್ರೆ ಬದಲಾಯಿಸಿದ ಮೇಲೆ ಅಪ್ಪನ ಚಾಲನೆ ಮೊದಲಿನಂತಾದ ಮನೆಗಳೂ ಇವೆ.

ನಿಮ್ಮ ಕಾಲು ಎಷ್ಟು ಸಲ ನೆಲ ಒತ್ತಿತು

ಇಷ್ಟೆಲ್ಲ ತಪಾಸಣೆಯಾದರೂ ಕೊನೆಗೆ ಬೇಕಾದದ್ದು ಪಕ್ಕದ ಸೀಟು. ಮರೆವಿನ ಕಾಯಿಲೆ ಶುರುವಾದವರ ಚಾಲನೆಯ ಕುರಿತು ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ 2010ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಗಮನಿಸಬೇಕಾದ ಮಾತೊಂದಿದೆ. “ನಾನು ಚೆನ್ನಾಗಿಯೇ ಓಡಿಸುತ್ತೇನೆ” ಎಂದು ರೋಗಿ ಹೇಳುವುದರಿಂದ ಏನನ್ನೂ ತೀರ್ಮಾನಿಸಲು ಆಗುವುದಿಲ್ಲ; ಆದರೆ ನೋಡಿಕೊಳ್ಳುವವರು “ಇವರ ಚಾಲನೆ ಅಪಾಯಕರ” ಎಂದು ಹೇಳಿದರೆ ಅದಕ್ಕೆ ಬೆಲೆಯಿದೆ. ಮನೆಯವರು ಕಂಡದ್ದು ಅಷ್ಟು ಮುಖ್ಯ. ಕಾಣಬೇಕಾದರೆ ಕೂರಬೇಕು.

ನಾಲ್ಕು ಸಲ ಹೋಗಿ. ಒಂದು ಹಗಲಿನ ದಿನನಿತ್ಯದ ದಾರಿ, ಒಂದು ಮುಸ್ಸಂಜೆ, ಒಂದು ಜನದಟ್ಟಣೆಯ ಹೊತ್ತು, ಒಂದು ಅಷ್ಟು ಪರಿಚಯವಿಲ್ಲದ ದಾರಿ. ಪ್ರತಿ ಸಲ ಅರ್ಧ ಗಂಟೆಯಾದರೂ ಆಗಲಿ, ಯಾಕೆಂದರೆ ದಣಿವು ಇಪ್ಪತ್ತು ನಿಮಿಷದ ಮೇಲೆ ಕಾಣಿಸಿಕೊಳ್ಳುತ್ತದೆ. “ಪರೀಕ್ಷೆ ಮಾಡುತ್ತೇನೆ” ಎಂದು ಕೂತರೆ ಯಾರೂ ಸಹಜವಾಗಿ ಓಡಿಸುವುದಿಲ್ಲ; ಏನೋ ಕೆಲಸಕ್ಕೆ ಜೊತೆಗೆ ಹೋದ ಹಾಗೆ ಹೋಗಿ. ದಾರಿ ಹೇಳಬೇಡಿ, “ಹುಷಾರು” ಅನ್ನಬೇಡಿ, ಫೋನ್ ನೋಡುತ್ತಾ ಕೂರಬೇಡಿ. ಆದರೆ ನಿಜವಾದ ಅಪಾಯ ಎದುರಾದರೆ ತಕ್ಷಣ ಬಾಯಿಬಿಡಿ. ಗಾಡಿಯಲ್ಲಿ ಏನನ್ನೂ ಬರೆದುಕೊಳ್ಳಬೇಡಿ. ಇಳಿದ ಮೇಲೆ, ಮರೆಯುವ ಮೊದಲು, ಬರೆದಿಡಿ: ದಿನ, ಹೊತ್ತು, ಜಾಗ, ಏನಾಯಿತು. “ಚೆನ್ನಾಗಿ ಓಡಿಸಲಿಲ್ಲ” ಎಂದು ಬರೆದರೆ ಪ್ರಯೋಜನವಿಲ್ಲ. “ಸಂಜೆ ಆರೂವರೆ, ಆಸ್ಪತ್ರೆಯ ಮುಂದೆ, ದಾಟುತ್ತಿದ್ದ ಹೆಂಗಸು ನಾನು ಉಸಿರು ಬಿಗಿಹಿಡಿದ ಮೇಲೆ ಅಪ್ಪನಿಗೆ ಕಂಡಳು” ಎಂದು ಬರೆದರೆ ಡಾಕ್ಟರಿಗೂ ಉಪಯೋಗ, ಅಪ್ಪನ ಮುಂದೆ ಇಡುವುದಕ್ಕೂ ಆಗುತ್ತದೆ.

ಎಣಿಸಬೇಕಾದ ಒಂದು ಸಂಗತಿ ನಿಮ್ಮ ಮೈಯಲ್ಲೇ ಇದೆ. ಬ್ರೇಕ್ ಹಾಕಬೇಕಾದ ಹೊತ್ತಿಗೆ ಓಡಿಸುವವರು ಹಾಕದಿದ್ದರೆ ಪಕ್ಕ ಕೂತವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ನಾಲ್ಕು ಪ್ರಯಾಣದಲ್ಲಿ ಅದು ಎಷ್ಟು ಸಲ ಒತ್ತಿತು ಎಂದು ಲೆಕ್ಕವಿಡಿ. ಒಂದೆರಡು ಸಲವಾದರೆ ಅದು ನಿಮ್ಮ ಅಭ್ಯಾಸಕ್ಕೂ ಅವರ ಅಭ್ಯಾಸಕ್ಕೂ ಇರುವ ವ್ಯತ್ಯಾಸ. ಪ್ರತಿ ಕೂಡುರಸ್ತೆಯಲ್ಲೂ ಒತ್ತಿದರೆ ವಿಷಯ ಬೇರೆ.

ಹಳೇ ಚಾಳಿಯನ್ನು ಹೊಸ ಕೊರತೆಯಿಂದ ಬೇರ್ಪಡಿಸುವುದು ಇಲ್ಲಿ ಬಹಳ ಮುಖ್ಯ. ಇಂಡಿಕೇಟರ್ ಹಾಕದೆ ತಿರುಗುವುದು, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿಯುವುದು, ಅನವಶ್ಯಕ ಹಾರ್ನ್, ಇವು ಮೂವತ್ತು ವರ್ಷದಿಂದಲೂ ಇದ್ದರೆ ಅವು ಕೆಟ್ಟ ಅಭ್ಯಾಸಗಳು, ಮುಪ್ಪಿನ ಸಾಕ್ಷಿಯಲ್ಲ. ಇವನ್ನು ಎತ್ತಿ ಹೇಳಿದರೆ ಅಪ್ಪ “ನಾನು ಯಾವಾಗಲೂ ಹೀಗೇ ಓಡಿಸಿದ್ದು” ಎನ್ನುತ್ತಾರೆ, ಅವರ ಮಾತೇ ಸರಿ. ಹುಡುಕಬೇಕಾದದ್ದು ಮೊದಲು ಇಲ್ಲದ್ದನ್ನು. ಹಸಿರು ದೀಪಕ್ಕೆ ನಿಲ್ಲುವುದು. ಗಾಡಿ ನಿಧಾನವಾಗಿ ಪಕ್ಕದ ಸಾಲಿಗೆ ಸರಿಯುತ್ತಿದ್ದರೂ ಅರಿವಾಗದಿರುವುದು. ಬೇರೆಯವರು ಹಾರ್ನ್ ಹೊಡೆದಾಗ ಯಾಕೆಂದು ಗೊತ್ತಾಗದೆ ಗಾಬರಿಯಾಗುವುದು. ಕೂಡುರಸ್ತೆಗೆ ಬಂದು ಮುಂದೇನು ಎಂದು ನಿಂತುಬಿಡುವುದು. ಹಾಗೇ ಅಮ್ಮ ಪಕ್ಕದಲ್ಲಿ ಕೂತು “ಈಗ ಹೋಗಿ, ನಿಲ್ಲಿ, ಕೆಂಪು ಬಿತ್ತು, ಬೈಕ್ ಬರ್ತಿದೆ” ಎಂದು ನಡೆಸುತ್ತಿದ್ದಾರೆಯೇ ಎಂದೂ ನೋಡಿ. ಎಷ್ಟೋ ದಂಪತಿಗಳು ಹೀಗೆ ಒಬ್ಬರ ಕಣ್ಣು, ಒಬ್ಬರ ಕೈ ಸೇರಿಸಿಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಮ್ಮನಿಲ್ಲದ ದಿನ ಆ ಗಾಡಿಯಲ್ಲಿ ಚಾಲಕನೇ ಇಲ್ಲದಂತಾಗುತ್ತದೆ.

ಗೀರುಗಳನ್ನೂ ಓದಲು ಬರುತ್ತದೆ. ಹಿಂದಿನ ಬಂಪರಿನ ಗೀರು ಕುತ್ತಿಗೆಯದು. ಒಂದೇ ಪಕ್ಕದ ಬಾಗಿಲು, ಅದೇ ಪಕ್ಕದ ಕನ್ನಡಿ ಮತ್ತೆ ಮತ್ತೆ ತರಚಿದ್ದರೆ ಆ ಪಕ್ಕದ ದೃಷ್ಟಿಯನ್ನು ಮೊದಲು ಪರೀಕ್ಷೆ ಮಾಡಿಸಬೇಕು. ಮುಂದಿನ ಬಂಪರಿನ ನಡುವೆ ತಗ್ಗು ಬಿದ್ದಿದ್ದು ಅದು ಹೇಗಾಯಿತೆಂದು ಅವರಿಗೆ ನೆನಪಿಲ್ಲದಿದ್ದರೆ, ತಗ್ಗಿಗಿಂತ ಆ ನೆನಪಿಲ್ಲದಿರುವುದೇ ದೊಡ್ಡ ಸುದ್ದಿ. ಮೂರು ತಿಂಗಳಿಗೊಮ್ಮೆ ಗಾಡಿಯ ನಾಲ್ಕೂ ಕಡೆಯ ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಬಹುದು.

ಮನೆಯವರ ಕಣ್ಣನ್ನೇ ನಂಬಲಾಗದಷ್ಟು ಜಗಳವಿದ್ದರೆ ಮೂರನೆಯವರನ್ನು ಕರೆಯಿರಿ. ಕೆಲವು ದೇಶಗಳಲ್ಲಿ ಚಾಲನೆಯನ್ನು ಅಳೆಯಲೆಂದೇ ತರಬೇತಾದ ಆಕ್ಯುಪೇಷನಲ್ ಥೆರಪಿಸ್ಟ್‌ಗಳಿದ್ದಾರೆ (ದಿನನಿತ್ಯದ ಕೆಲಸ ಮಾಡುವ ಶಕ್ತಿಯನ್ನು ಅಳೆದು ನೆರವಾಗುವ ಚಿಕಿತ್ಸಕರು). ಮೊದಲು ಕೋಣೆಯಲ್ಲಿ ದೃಷ್ಟಿ, ನೆನಪು, ಕೈಕಾಲಿನ ಪರೀಕ್ಷೆ, ಆಮೇಲೆ ಪಕ್ಕದ ಸೀಟಿಗೂ ಒಂದು ಸೇರಿ ಎರಡು ಬ್ರೇಕ್ ಇರುವ ಕಾರಿನಲ್ಲಿ ರಸ್ತೆಯ ಮೇಲೆ. ಅದು ಸಿಗದ ಕಡೆ ಡ್ರೈವಿಂಗ್ ಸ್ಕೂಲಿನ ಹಿರಿಯ ತರಬೇತುದಾರರೊಬ್ಬರ ಜೊತೆ ಎರಡು ಬ್ರೇಕಿನ ಕಾರಿನಲ್ಲಿ ಒಂದು ಗಂಟೆ ಓಡಿಸಲು ಹೇಳಬಹುದು. ಕಾಯಿಲೆಯ ಬಗ್ಗೆ ಅವರು ಹೇಳಲಾರರು, ರಸ್ತೆಯ ಬಗ್ಗೆ ಹೇಳಬಲ್ಲರು. ಕಾನೂನನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಬ್ರಿಟನ್ನಿನಲ್ಲಿ 70ರಿಂದ ಮೂರು ವರ್ಷಕ್ಕೊಮ್ಮೆ, ಭಾರತದಲ್ಲಿ 55 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕು, ಜಪಾನಿನಲ್ಲಿ 75ರ ಮೇಲಿನವರಿಗೆ ನೆನಪಿನ ಶಕ್ತಿಯ ಪರೀಕ್ಷೆಯಿದೆ. ಒಂದು ನವೀಕರಣಕ್ಕೂ ಮುಂದಿನದಕ್ಕೂ ನಡುವೆ ಏನು ಬೇಕಾದರೂ ಆಗಬಹುದು. ಡೆನ್ಮಾರ್ಕ್ 2006ರಲ್ಲಿ 70 ದಾಟಿದವರಿಗೆ ಇಂಥ ಪರೀಕ್ಷೆ ತಂದಿತು. 2012ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ ಹಿರಿಯ ಚಾಲಕರ ಸಾವು ಅದರಿಂದ ಕಡಿಮೆಯಾಗಿರಲಿಲ್ಲ, ಬದಲಿಗೆ ನಡೆದು, ಸೈಕಲ್ ತುಳಿದು ಹೋಗುವ ಹಿರಿಯರ ಸಾವು ಹೆಚ್ಚಿತ್ತು. ಕಾರು ಬಿಟ್ಟವರು ರಸ್ತೆ ಬಿಟ್ಟಿರಲಿಲ್ಲ.

ಬಿಡುವುದಕ್ಕೆ ಮೊದಲು ಇಳಿಸುವುದು

ಇವತ್ತು ಪೂರ್ತಿ, ನಾಳೆಯಿಂದ ಏನೂ ಇಲ್ಲ ಎಂಬ ರೀತಿ ಹೆಚ್ಚಿನವರಿಗೆ ಬೇಕಾಗಿಲ್ಲ. ಮೊದಲು ರಾತ್ರಿ ಮತ್ತು ಮುಸ್ಸಂಜೆಯ ಚಾಲನೆ ಬಿಡುವುದು, ಆಮೇಲೆ ಮಳೆ, ಆಮೇಲೆ ವೇಗದ ಹೆದ್ದಾರಿ ಮತ್ತು ದಟ್ಟಣೆಯ ಹೊತ್ತು. ಅಡ್ಡ ಹಾಯುವ ತಿರುವಿನ ಬದಲು ಸಿಗ್ನಲ್ ಇರುವ ಕೂಡುರಸ್ತೆಯವರೆಗೆ ಹೋಗಿ ತಿರುಗುವುದು, ಎರಡು ಕಿಲೋಮೀಟರ್ ಹೆಚ್ಚಾದರೂ ಸರಿ. ಇದನ್ನು ಬರೆದಿಟ್ಟು, ಮೂರು ತಿಂಗಳಿಗೆ ಮತ್ತೆ ಪಕ್ಕದಲ್ಲಿ ಕೂತು ನೋಡುವ ದಿನವನ್ನೂ ಗೊತ್ತುಮಾಡಿ. ದ್ವಿಚಕ್ರ ವಾಹನದವರಿಗೆ ಈ ಮೆಟ್ಟಿಲುಗಳು ಕಡಿಮೆ. ನಿಂತ ಸ್ಕೂಟರಿನ ತೂಕವನ್ನು ಒಂದು ಕಾಲಿನ ಮೇಲೆ ತಡೆಯಲಾಗದ ದಿನ ಅದು ಮುಗಿದ ಹಾಗೆ.

ಕೆಲವು ಸಲ ಮೆಟ್ಟಿಲು ಇಳಿಯುವ ಮಾತೇ ಇಲ್ಲ. ಪರಿಚಿತ ದಾರಿಯಲ್ಲಿ ದಾರಿ ತಪ್ಪಿದರೆ, ಪೆಡಲ್ ಒಮ್ಮೆ ತಪ್ಪಿದರೆ, ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಪಾರ್ಶ್ವವಾಯುವಾಗಿ ಒಂದು ಬದಿ ಕಾಣದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಮುನ್ಸೂಚನೆಯಿಲ್ಲದೆ ಸಕ್ಕರೆ ಇಳಿಯುತ್ತಿದ್ದರೆ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು. ಮರೆವಿನ ಕಾಯಿಲೆ ಮುಂದುವರಿದವರಿಗೆ “ರಾತ್ರಿ ಬೇಡ” ಎಂಬ ನಿಯಮ ಹೇಳಿ ಪ್ರಯೋಜನವಿಲ್ಲ, ನಿಯಮವೇ ಮರೆತುಹೋಗುತ್ತದೆ. ಅವರ ವಿಷಯದಲ್ಲಿ ಗಾಡಿಯನ್ನು ಕಣ್ಣಿನಿಂದ ದೂರ ಮಾಡುವುದೇ ದಯೆ. ಮನೆ ಮುಂದೆ ಕಾರು ನಿಂತಿರುವಷ್ಟು ದಿನವೂ ಅವರು ಬೆಳಗ್ಗೆ ಎದ್ದು ಕೀ ಹುಡುಕುತ್ತಾರೆ, ದಿನವೂ ಅದೇ ಸುದ್ದಿಯನ್ನು ಹೊಸದಾಗಿ ಕೇಳಿ ನೋಯುತ್ತಾರೆ. ತಿಳಿವಳಿಕೆ ಗಟ್ಟಿಯಿರುವವರ ಮೇಲೆ ಮಾತ್ರ ಕೀ ಬಚ್ಚಿಡುವುದು, ಬ್ಯಾಟರಿ ತಂತಿ ಕಳಚಿಡುವುದು ಇವನ್ನೆಲ್ಲ ಮಾಡಬಾರದು. ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಸರಿಮಾಡುತ್ತಾನೆ, ಮುರಿದ ನಂಬಿಕೆ ಹಾಗೆ ಸರಿಹೋಗುವುದಿಲ್ಲ.

ಮಾತಾಡುವವರು ಒಬ್ಬರೇ ಇರಲಿ. ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಹೇಳಿದರೆ ಅದು ವಿಚಾರಣೆಯಾಗುತ್ತದೆ. ಗಾಡಿಯೊಳಗೆ ಬೇಡ, ತರಚಿದ ದಿನವೂ ಬೇಡ. “ನಿಮಗೆ ವಯಸ್ಸಾಯಿತು” ಎಂಬುದಕ್ಕೆ ಅವರ ಹತ್ತಿರ ಉತ್ತರವಿಲ್ಲ, ಆದ್ದರಿಂದ ಸಿಟ್ಟು ಮಾತ್ರ ಬರುತ್ತದೆ. “ಅಪ್ಪಾ, ಮೊನ್ನೆ ಆ ತಿರುವಿನಲ್ಲಿ ಬಂದ ಬೈಕ್ ನಿಮಗೆ ಯಾವಾಗ ಕಾಣಿಸಿತು?” ಎಂದು ಕೇಳಿದರೆ ಅವರು ಯೋಚಿಸುತ್ತಾರೆ. ಎಷ್ಟೋ ಸಲ ತಮಗೂ ಭಯವಾಗಿತ್ತೆಂದು ಆಗ ಬಾಯಿಬಿಡುತ್ತಾರೆ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. “ಮಗ ಬೇಡ ಅಂದ” ಎನ್ನುವುದಕ್ಕಿಂತ “ಡಾಕ್ಟರು ಬೇಡ ಅಂದರು” ಎಂದು ಗೆಳೆಯರಿಗೆ ಹೇಳುವುದು ಅವರಿಗೆ ಸುಲಭ.

ಓಡಾಟದ ಪಟ್ಟಿ

ಈ ಕೆಲಸದಲ್ಲಿ ಮಕ್ಕಳು ಅರ್ಧಕ್ಕೇ ಕೈಬಿಡುವ ಭಾಗ ಇದು. 70ರ ಆರಂಭದಲ್ಲಿರುವ ಚಾಲಕರನ್ನು ಲೆಕ್ಕಹಾಕಿದ ಅಮೆರಿಕದ ಒಂದು ಅಧ್ಯಯನದ ಪ್ರಕಾರ, ಗಾಡಿ ಬಿಟ್ಟ ಮೇಲೆ ಗಂಡಸರು ಸುಮಾರು 6 ವರ್ಷ, ಹೆಂಗಸರು ಸುಮಾರು 10 ವರ್ಷ ಬದುಕುತ್ತಾರೆ. ಅಷ್ಟು ವರ್ಷ ಅವರು ಹೇಗೆ ಓಡಾಡಬೇಕು ಎಂಬುದಕ್ಕೆ ಉತ್ತರವಿಲ್ಲದೆ ಕೀ ಕೇಳಬಾರದು. ಚಾಲನೆ ನಿಂತವರಲ್ಲಿ ಖಿನ್ನತೆಯ ಲಕ್ಷಣಗಳ ಸಾಧ್ಯತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ಕಂಡುಕೊಂಡಿದೆ.

ಎರಡು ವಾರ ಅವರ ಪ್ರತಿ ಪ್ರಯಾಣವನ್ನೂ ಬರೆದಿಡಿ, ಅವರನ್ನೇ ಬರೆಯಲು ಕೇಳಿದರೆ ಇನ್ನೂ ಸರಿ: ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾಕೆ. ಆಮೇಲೆ ಪ್ರತಿ ಸಾಲಿನ ಎದುರು ಬದಲಿ ಏರ್ಪಾಡು ಬರೆಯಿರಿ. ಔಷಧಿ ಮನೆಗೇ ತರಿಸಬಹುದು. ಆಸ್ಪತ್ರೆಗೆ ಮೊದಲೇ ಗೊತ್ತುಮಾಡಿದ ಟ್ಯಾಕ್ಸಿ, ಸಾಧ್ಯವಾದರೆ ಪ್ರತಿ ಸಲವೂ ಅದೇ ಚಾಲಕ. ಗೆಳೆಯರ ಮನೆಗೆ ಯಾರು, ಯಾವ ವಾರ ಕರೆದೊಯ್ಯುತ್ತಾರೆ ಎಂದು ಹೆಸರು ಹಾಕಿ. “ಬೇಕಾದಾಗ ಹೇಳಿ, ಕರೆದೊಯ್ಯುತ್ತೇವೆ” ಎಂದರೆ ಅವರು ಹೇಳುವುದಿಲ್ಲ, ಕೇಳಲು ಸಂಕೋಚ. ಫೋನಿನಲ್ಲಿ ಟ್ಯಾಕ್ಸಿ ಕರೆಯುವುದನ್ನು ಗಾಡಿ ಇನ್ನೂ ಓಡಿಸುತ್ತಿರುವಾಗಲೇ ಕಲಿಸಿ, ನೀವು ಪಕ್ಕದಲ್ಲಿದ್ದುಕೊಂಡು ಅವರ ಕೈಯಿಂದಲೇ ಐದಾರು ಸಲ ಮಾಡಿಸಿ. ಗಾಡಿಯ ಇನ್ಷೂರೆನ್ಸ್, ಪೆಟ್ರೋಲ್, ಸರ್ವಿಸ್‌ಗೆ ವರ್ಷಕ್ಕೆ ಎಷ್ಟು ಹೋಗುತ್ತಿತ್ತು ಎಂದು ಕೂಡಿಸಿ, ಆ ಹಣವನ್ನು ಅವರ ಕೈಯಲ್ಲೇ ಟ್ಯಾಕ್ಸಿಗೆಂದು ಬೇರೆ ಇಡಿ. ಮಕ್ಕಳ ಹಣದಲ್ಲಿ ಓಡಾಡುವುದು ಬೇರೆ, ತಮ್ಮ ಹಣದಲ್ಲಿ ಓಡಾಡುವುದು ಬೇರೆ.

ಆ ಪಟ್ಟಿಯಲ್ಲಿ ಒಂದೆರಡು ಸಾಲುಗಳಿಗೆ ‘ಯಾಕೆ’ ಎಂಬ ಕಲಮಿನಲ್ಲಿ ಏನೂ ಬರೆದಿರುವುದಿಲ್ಲ. ಕೇಳಿದರೆ “ಸುಮ್ಮನೆ ಒಂದು ಸುತ್ತು ಹೋಗಿ ಬಂದೆ” ಎನ್ನುತ್ತಾರೆ. ಕೆಲಸವಿಲ್ಲದ ಓಡಾಟ ಎಂದು ಮಕ್ಕಳು ಮೊದಲು ಹೊಡೆದು ಹಾಕುವುದು ಆ ಸಾಲನ್ನೇ. ಅದಕ್ಕೂ ಬದಲಿ ಬರೆಯಿರಿ. ವಾರಕ್ಕೊಂದು ದಿನ, ಗೊತ್ತಾದ ಒಂದು ಹೊತ್ತು. ಗಾಡಿ ಓಡಿಸುವವರು ನೀವು, ಅಪ್ಪ ಮುಂದಿನ ಸೀಟಿನಲ್ಲಿ. ಯಾವ ರಸ್ತೆ, ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವರು ಹೇಳಲಿ.